ಜನರಲ್ ಲೂಕಾಸ್ ಯಾಕೆ ಸಹಿ ಹಾಕಿದ?

ಪತ್ರ: ಮೆಕ್ಸಿಕೋದ ನಾವಾ ಎಂಬ ಮೂಲನಿವಾಸಿ ಸಮುದಾಯದ ಜನರಲ್ ಹುವಾನ್ ಫ್ರಾನ್ಸಿಸ್ಕೊ ಲೂಕಾಸ್ ಬಗ್ಗೆ ನಿಮ್ಮ ಲೇಖನ ಓದಿದೆ. ಆತ 1866ರಲ್ಲಿ ಶತ್ರುಗಳ ಜೊತೆಗೇ ಒಪ್ಪಂದ ಮಾಡಿಕೊಂಡಿದ್ದ. ಅಂಥವನನ್ನು ದೇಶಭಕ್ತ ಅನ್ನಬಹುದೇ?
– ಓದುಗರು, ಧಾರವಾಡ

ಸಂಪಾದಕರ ಉತ್ತರ:

ಮಾನ್ಯರೇ, ಒಪ್ಪಂದ ಆಗಿದ್ದು ನಿಜ. ಆದರೆ ಲೂಕಾಸ್ ಎಂಥ ಸೈನ್ಯದ ಅಧಿಕಾರಿ ಅನ್ನೋದನ್ನು ಮೊದಲು ನೋಡಬೇಕು.

1834ರಲ್ಲಿ ಪುಯೆಬ್ಲಾ ರಾಜ್ಯದ ಉತ್ತರದ ಗುಡ್ಡಗಾಡಿನಲ್ಲಿ ಹುಟ್ಟಿದ ಆತನ ಹಿಂದೆ ಇದ್ದವರು ಸಂಬಳದ ಸಿಪಾಯಿಗಳಲ್ಲ, ಊರಿನ ರೈತರು. 1850ರ ದಶಕದಲ್ಲಿ ಶೋಚಿಯಾಪುಲ್ಕೊ ಸುತ್ತಿನ ನಾವಾ ಜನ ದೊಡ್ಡ ಜಮೀನುದಾರರ ವಿರುದ್ಧ ಎದ್ದರು. ಲಿಬರಲ್ ಪಕ್ಷದವರು ಭೂಮಿ ಕೊಡುತ್ತೇವೆ ಅಂದರು. ಇವರು ಅವರ ಕಡೆ ನಿಂತರು. ಅಷ್ಟೇ ಲೆಕ್ಕ. ಭೂಮಿ ಬೇಕು, ಬಿಟ್ಟಿ ಚಾಕರಿ ಬೇಡ.

1862ರಲ್ಲಿ ಫ್ರೆಂಚರು ಬಂದಾಗ ಈ ಜಗಳಕ್ಕೆ ಪರದೇಶದ ಬಂದೂಕು ಸೇರಿಕೊಂಡಿತು. ಮೇ 5ರಂದು ಪುಯೆಬ್ಲಾದಲ್ಲಿ ಮೆಕ್ಸಿಕೋದ ಜನರಲ್ ಸರಗೋಸಾ ಫ್ರೆಂಚರನ್ನು ಸೋಲಿಸಿದಾಗ ಗುಡ್ಡಗಾಡಿನ ಆರನೇ ಬೆಟಾಲಿಯನ್ ಅಲ್ಲಿತ್ತು. ಇವತ್ತಿಗೂ ಆ ಕೀರ್ತಿ ಹೋಗೋದು ಸಕಪೊಆಸ್ಟ್ಲಾ ಪೇಟೆಯ ಹೆಸರಿಗೆ. ಆದರೆ ಆ ಬೆಟಾಲಿಯನ್‌ನಲ್ಲಿ ತೆತೆಲಾ, ಶೋಚಿಯಾಪುಲ್ಕೊ ಕಡೆಯವರೇ ಜಾಸ್ತಿ. ಸಕಪೊಆಸ್ಟ್ಲಾದ ದೊಡ್ಡವರಲ್ಲಿ ಅನೇಕರು ಎದುರು ಪಾಳಯದ ಕಡೆ ವಾಲಿದ್ದರು! ಇತಿಹಾಸಕ್ಕೆ ಇಂಥ ಹುಚ್ಚಾಟ ಹೊಸದೇನಲ್ಲ ಬಿಡಿ.

ಮರುವರ್ಷ ಪುಯೆಬ್ಲಾ ಫ್ರೆಂಚರ ಕೈಗೆ ಬಿದ್ದಿತು. ಆಮೇಲೆ ಫ್ರೆಂಚರು ಮೆಕ್ಸಿಕೋದಲ್ಲಿ ಕೂರಿಸಿದ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಪರವಾಗಿ ಆಸ್ಟ್ರಿಯಾದ ಸ್ವಯಂಸೇವಕ ಪಡೆ ಗುಡ್ಡ ಹತ್ತಿತು. 1865ರಲ್ಲಿ ಶತ್ರುಗಳಿಗೆ ನೆಲೆ ಸಿಗಬಾರದು ಅಂತ ಶೋಚಿಯಾಪುಲ್ಕೊದ ಜನ ತಮ್ಮ ಊರಿಗೆ ತಾವೇ ಬೆಂಕಿ ಹಚ್ಚಿದರು. ಸುಮ್ನೆ ಒಂದು ಸಲ ಯೋಚಿಸಿ. ಆ ಮನೆಗಳೆಲ್ಲ ಲೂಕಾಸ್‌ನ ಸೈನಿಕರದ್ದೇ. ಹೆಂಡತಿ ಮಕ್ಕಳು ಕಾಡು ಸೇರಿದ್ದಾರೆ, ಬಿತ್ತನೆ ನಿಂತಿದೆ. ರಾಜಧಾನಿಯಿಂದ ಬಂದ ಜನರಲ್ ಆಗಿದ್ದರೆ ತುಕಡಿ ಕಟ್ಟಿಕೊಂಡು ಬೇರೆ ಕಡೆ ಹೋಗಬಹುದಿತ್ತು. ಲೂಕಾಸ್ ಎಲ್ಲಿಗೆ ಹೋಗಬೇಕಿತ್ತು? 1866ರ ಆರಂಭದಲ್ಲಿ ಆಸ್ಟ್ರಿಯನ್ನರ ಜೊತೆ ಸಹಿ ಹಾಕಿದ. ಅದೇ ವರ್ಷ ಮತ್ತೆ ಬಂದೂಕು ಹಿಡಿದ. ಅದು ಉಸಿರು ತೆಗೆದುಕೊಳ್ಳಲು ಸಿಕ್ಕ ಬಿಡುವು, ಶರಣಾಗತಿಯಲ್ಲ ಅಂತ ನಾನು ಓದುತ್ತೇನೆ. 1867ರ ಏಪ್ರಿಲ್ 2ರಂದು ಲಿಬರಲ್ ಕಡೆಯ ಜನರಲ್ ಪೊರ್ಫಿರಿಯೊ ಡಿಯಾಸ್ ಪುಯೆಬ್ಲಾವನ್ನು ವಾಪಸ್ ಗೆದ್ದರು.

ನಿಮ್ಮ 'ದೇಶಭಕ್ತ' ಪ್ರಶ್ನೆಗೆ ಇನ್ನೂ ಜಾಸ್ತಿ ತೊಡಕು ಕೊಡೋದು ಆ ಒಪ್ಪಂದವಲ್ಲ, ಮುಂದಿನ ಕಥೆ. ಪರಕೀಯರು ಹೋದ ಮೇಲೆ ಇದೇ ಲೂಕಾಸ್ ತಾನು ಉಳಿಸಿಕೊಟ್ಟ ಲಿಬರಲ್ ಅಧ್ಯಕ್ಷ ಹುವಾರೆಸ್ ಸರ್ಕಾರದ ವಿರುದ್ಧವೇ ದಂಗೆ ಎದ್ದ. ಗುಡ್ಡಗಾಡಿನ ವಿಷಯಕ್ಕೆ ಯಾರೇ ಕೈ ಹಾಕಿದರೂ ಆತ ಬಿಡುತ್ತಿರಲಿಲ್ಲ. 1917ರಲ್ಲಿ, ಎಂಬತ್ತು ದಾಟಿದ ಮೇಲೆ ತೀರಿಕೊಂಡಾಗ ಮೆಕ್ಸಿಕೋದಲ್ಲಿ ಇನ್ನೊಂದು ಕ್ರಾಂತಿ ನಡೆಯುತ್ತಿತ್ತು. ಅದರಲ್ಲೂ ಆತನಿಗೊಂದು ಪಾತ್ರ ಇತ್ತು.