ಶರಾವತಿ ಪಂಪ್ಡ್ ಸ್ಟೋರೇಜ್‌ಗೆ ಹತ್ತು ಸಾವಿರ ಕೋಟಿ: ಹಿನ್ನೀರಿನ ಆಚೆ ದಡದಿಂದ ಒಂದು ಉತ್ತರ

ನೀವು ಕೇಳಿದ್ದು ಇಷ್ಟು: ಶರಾವತಿ ಕಣಿವೆಯ ಪಂಪ್ಡ್ ಸ್ಟೋರೇಜ್ ಯೋಜನೆಗೆ 10 ಸಾವಿರ ಕೋಟಿ ಸುರಿಯುವುದು ಸರಿಯಾ? ಸಂಜೆ ಕರೆಂಟ್ ಎಲ್ಲರಿಗೂ ಬೇಕು, ಹಾಗಿದ್ದರೂ ಮಲೆನಾಡಿನವರು ಯಾಕೆ ಬೇಡ ಅಂತಿದ್ದಾರೆ?

ನಾನು ತುಮರಿ ಕಡೆಯವನು. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನ ಆಚೆ ದಡ. ನನ್ನ ಉತ್ತರದಲ್ಲಿ ಊರಿನ ನೋವೂ ಸೇರಿಕೊಂಡಿರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಯೋಜನೆ ಏನು ಅಂತ ಚಿಕ್ಕದಾಗಿ ನೋಡೋಣ. ಮೇಲೆ ತಲಕಳಲೆ ಜಲಾಶಯ ಇದೆ, ಕೆಳಗೆ ಗೇರುಸೊಪ್ಪ. ಹಗಲು ಸೋಲಾರ್ ಕರೆಂಟ್ ಜಾಸ್ತಿ ಇರುವಾಗ ಕೆಳಗಿನ ನೀರನ್ನು ಮೇಲಕ್ಕೆ ಎತ್ತುವುದು. ಸಂಜೆ ಬೇಡಿಕೆ ಏರಿದಾಗ ಅದೇ ನೀರನ್ನು ಕೆಳಗೆ ಬಿಟ್ಟು 2,000 ಮೆಗಾವಾಟ್ ತೆಗೆಯುವುದು. ಹೊಸ ಅಣೆಕಟ್ಟು ಕಟ್ಟುವುದಿಲ್ಲ, ಅದು ನಿಜ. ಆದರೆ ಎರಡು ಜಲಾಶಯಗಳನ್ನು ಜೋಡಿಸುವ ಸುರಂಗಗಳು, ನೆಲದಡಿಯ ಪವರ್‌ಹೌಸ್, ಅಲ್ಲಿಗೆ ಹೋಗುವ ರಸ್ತೆ ಹೆಚ್ಚಾಗಿ ಬರುವುದು ಸಿಂಗಳೀಕ ಅಭಯಾರಣ್ಯದ ಒಳಗೆ. ಸಾವಿರಾರು ಮರ ಹೋಗುತ್ತವೆ. ಕೊರೆಯುವುದು ಪಶ್ಚಿಮ ಘಟ್ಟದ ಇಳಿಜಾರನ್ನು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿದದ್ದು ನಮ್ಮ ಕಡೆಯವರಿಗೆ ಇನ್ನೂ ಮರೆತಿಲ್ಲ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಇದು ಕರೆಂಟ್ ಹುಟ್ಟಿಸುವ ಯೋಜನೆ ಅಲ್ಲ, ಕೂಡಿಡುವ ಯೋಜನೆ. ನೀರೆತ್ತಲು 100 ಯೂನಿಟ್ ಸುಟ್ಟರೆ ವಾಪಸ್ ಸಿಗುವುದು 75ರಿಂದ 80. ಕೂಡಿಡುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಪಾವಗಡದ ಸೋಲಾರ್ ಪಾರ್ಕಿನಲ್ಲಿ ಹಗಲು ಬಂದ ಕರೆಂಟ್ ರಾತ್ರಿ ಏಳು ಗಂಟೆಗೂ ಬೇಕಲ್ವಾ? ಆದರೆ ಅದಕ್ಕೆ ಬೇರೆ ದಾರಿಗಳೂ ಇವೆ. ಬ್ಯಾಟರಿ ದರ ಕಳೆದ ಕೆಲವು ವರ್ಷಗಳಲ್ಲಿ ತುಂಬಾ ಇಳಿದಿದೆ. ಬ್ಯಾಟರಿಗೆ ಆಯಸ್ಸು ಕಡಿಮೆ, ಹತ್ತು ಹದಿನೈದು ವರ್ಷಕ್ಕೆ ಬದಲಿಸಬೇಕು, ಒಪ್ಪುತ್ತೇನೆ. ಆದರೆ ಅದನ್ನು ಸಬ್‌ಸ್ಟೇಷನ್ ಪಕ್ಕದ ಬಯಲಿನಲ್ಲಿ ಇಡಬಹುದು, ಬೇಕಾದಷ್ಟೇ ಇಡಬಹುದು, ಸಾಲದಿದ್ದರೆ ಮುಂದಿನ ವರ್ಷ ಸೇರಿಸಬಹುದು. ಸುರಂಗವನ್ನು ಅರ್ಧ ಕೊರೆದು ನಿಲ್ಲಿಸಿದರೆ ಒಂದು ಯೂನಿಟ್ ಕೂಡ ಬರುವುದಿಲ್ಲ.

ನನಗೆ ಜಾಸ್ತಿ ಭಯ ಇರುವುದು ಅಲ್ಲೇ. ಈ ಯೋಜನೆಯ ಮಾತು ಮೊದಲು ಬಂದಾಗ ಅಂದಾಜು 5 ಸಾವಿರ ಕೋಟಿಯ ಆಸುಪಾಸಿನಲ್ಲಿತ್ತು. ಕೆಲಸ ಶುರುವಾಗುವ ಮೊದಲೇ 10 ಸಾವಿರ ಕೋಟಿ ದಾಟಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಪೀಸ್ ನದಿಗೆ ಸೈಟ್ ಸಿ ಅಂತ ಒಂದು ಅಣೆಕಟ್ಟು ಕಟ್ಟಿದರು. 2014ರಲ್ಲಿ ಒಪ್ಪಿಗೆ ಕೊಟ್ಟಾಗ ಸುಮಾರು 8.8 ಬಿಲಿಯನ್ ಕೆನಡಾ ಡಾಲರ್ ಅಂದಿದ್ದರು. 2017ರಲ್ಲಿ ಹೊಸ ಸರ್ಕಾರ ಬಂತು, ನಿಲ್ಲಿಸೋಣವೇ ಅಂತ ಯೋಚಿಸಿತು. ಲೆಕ್ಕ ಹಾಕಿದರೆ, ಆಗಲೇ ಖರ್ಚಾಗಿದ್ದು ಮತ್ತು ಅಗೆದದ್ದನ್ನು ಸರಿಪಡಿಸುವ ಖರ್ಚು ಸೇರಿ ಸುಮಾರು 4 ಬಿಲಿಯನ್ ಕೈಬಿಡಬೇಕಿತ್ತು. ಅದಕ್ಕೇ ಮುಂದುವರಿಸಿದರು. ನದಿಯ ದಡದ ಕಲ್ಲು ಗಟ್ಟಿ ಇಲ್ಲ ಅಂತ ಕೆಲಸದ ನಡುವೆ ಗೊತ್ತಾಯಿತು. 2021ಕ್ಕೆ ಅಂದಾಜು 16 ಬಿಲಿಯನ್ ಆಯಿತು. ಪ್ರಶ್ನೆ ಕೇಳಬೇಕಾದದ್ದು ಮೊದಲ ಮಷಿನ್ ಗುಡ್ಡಕ್ಕೆ ತಾಗುವ ಮುಂಚೆ. ಆಮೇಲೆ ಕೇಳಿದರೆ "ಇಷ್ಟು ಹಾಕಿದ್ದೇವಲ್ಲ" ಎಂಬ ಒಂದೇ ಉತ್ತರ ಸಿಗುತ್ತದೆ.

ಕೆನಡಾ ದೂರವಾಯಿತು, ನಮ್ಮ ನದಿಯದ್ದೇ ಹೇಳುತ್ತೇನೆ. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿಯುತ್ತದೆ. ಆಗ ಮಡೆನೂರು ಡ್ಯಾಂ ಮೇಲೆ ಬರುತ್ತದೆ. ಕಾಗದದಲ್ಲಿ ಅದರ ಹೆಸರು ಹಿರೇಭಾಸ್ಕರ. ಜೋಗದ ವಿದ್ಯುದಾಗಾರಕ್ಕೆ ನೀರು ಕೊಡಲು ಕಟ್ಟಿ, 1948ರಲ್ಲಿ ಮುಗಿಸಿದ್ದು. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಅದೂ ಮುಳುಗಿತು. ಹದಿನಾರೇ ವರ್ಷ. ಕೆಸರು ಬಿರುಕು ಬಿಟ್ಟ ನೆಲದ ಮೇಲೆ ನಡೆದು ಹೋಗಿ ಅದರ ಗೋಡೆ ಮುಟ್ಟಿದ್ದೇನೆ. ಇಷ್ಟು ವರ್ಷ ನೀರಲ್ಲಿದ್ದರೂ ಗಟ್ಟಿಯಾಗಿದೆ. ಎಷ್ಟು ಜನರ ಬೆವರು, ಎಷ್ಟು ಹಣ ಅಂತ ಅಲ್ಲಿ ನಿಂತಾಗ ಹೊಟ್ಟೆ ಉರಿಯುತ್ತದೆ.

ಲಿಂಗನಮಕ್ಕಿಯ ಲೆಕ್ಕದಲ್ಲಿ ಸಿಮೆಂಟು, ಟರ್ಬೈನು ಎಲ್ಲ ಬರೆದಿರುತ್ತಾರೆ. ನಮ್ಮ ಅಜ್ಜಿ ಮುಳುಗುವ ಗದ್ದೆ, ಅಡಿಕೆ ತೋಟ ಬಿಟ್ಟು ಬರುವಾಗ ಹಳೇ ಮನೆಯ ದಾರಂದ ಕಿತ್ತು ತಂದಿದ್ದರು. ಈಗಿನ ಮನೆಯ ಮುಂಬಾಗಿಲಿಗೆ ಅದೇ ಇದೆ. ತಗ್ಗು, ತಲೆ ಬಾಗಿಸಿಯೇ ಒಳಗೆ ಹೋಗಬೇಕು. ಲಿಂಗನಮಕ್ಕಿಯ ನೀರಲ್ಲಿ ಓಡುವ ಶರಾವತಿ ವಿದ್ಯುದಾಗಾರದ ಹತ್ತು ಘಟಕ ಸೇರಿ 1,035 ಮೆಗಾವಾಟ್. ಆ ಕರೆಂಟ್ ಇಡೀ ರಾಜ್ಯಕ್ಕೆ ಬೆಳಕು ಕೊಡುವಾಗ ನಮ್ಮ ಅಪ್ಪ ಓದಿದ್ದು ಚಿಮಣಿ ದೀಪದಲ್ಲಿ. ನಾನು ಪಿಯುಸಿಯಲ್ಲಿದ್ದಾಗ ಒಂದು ಸಂಜೆ ಹೊಳೆಬಾಗಿಲಿನಲ್ಲಿ ಹಿನ್ನೀರು ದಾಟಿಸುವ ಕೊನೆಯ ಲಾಂಚ್ ತಪ್ಪಿತು. ಎದುರು ದಡದ ದೀಪ ನೋಡುತ್ತಾ ರಾತ್ರಿಯೆಲ್ಲಾ ಕೂತಿದ್ದೆ. ನಾನು ಹುಡುಗ, ಕೂತೆ. ಹೆರಿಗೆ ನೋವು ಬಂದವರು, ಎದೆ ಹಿಡಿದುಕೊಂಡವರು ಏನು ಮಾಡಬೇಕಿತ್ತು? ಹಿನ್ನೀರಿನ ಮೇಲಿನ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈ 14ಕ್ಕೆ. ನೀರು ತುಂಬಿ ಅರವತ್ತು ವರ್ಷ ಆದ ಮೇಲೆ. ಈ ಅರವತ್ತು ವರ್ಷಗಳ ಖರ್ಚು ಯಾವ ಪುಸ್ತಕದಲ್ಲೂ ಇಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಪಂಪ್ಡ್ ಸ್ಟೋರೇಜ್ ಬಗ್ಗೆ ಸಾರ್ವಜನಿಕ ಅಹವಾಲು ಸಭೆ ನಡೆದಾಗ ಜನ ಅಷ್ಟು ಸಂಖ್ಯೆಯಲ್ಲಿ ಬಂದದ್ದು ಇದಕ್ಕೇ. ನದಿ ಸಮುದ್ರ ಸೇರುವ ಹೊನ್ನಾವರದ ಕಡೆಯವರಿಗೆ ಅವರದೇ ಚಿಂತೆ. ನದಿಯ ಹರಿವು ಏರುಪೇರಾದರೆ ಉಪ್ಪುನೀರು ಮೇಲೆ ಬಂದು ಬಾವಿ, ತೋಟ ಹಾಳಾಗುತ್ತದೆ ಅಂತ.

ಹಾಗಾಗಿ ನನ್ನ ಉತ್ತರ: ಈ ಜಾಗದಲ್ಲಿ, ಈ ರೀತಿಯಲ್ಲಿ ಬೇಡ. ನೀರೆತ್ತಲು ಬೇಕಾದ ಕರೆಂಟಿನ ಬೆಲೆ, ಸಾಲದ ಬಡ್ಡಿ ಎಲ್ಲ ಸೇರಿ ಸಂಜೆಯ ಒಂದು ಯೂನಿಟ್‌ಗೆ ಎಷ್ಟು ಬೀಳುತ್ತದೆ, ಅದೇ ಕೆಲಸವನ್ನು ಬ್ಯಾಟರಿ ಮಾಡಿದರೆ ಎಷ್ಟು, ಎರಡನ್ನೂ ಅಕ್ಕಪಕ್ಕ ಬರೆದು ಕನ್ನಡದಲ್ಲಿ ಜನರ ಮುಂದಿಡಲಿ. ಖರ್ಚು ಏರಿದರೆ ಯಾರು ತುಂಬುತ್ತಾರೆ ಅಂತಲೂ ಬರೆಯಲಿ, ಯಾಕಂದರೆ ಕೊನೆಗೆ ಅದು ನಿಮ್ಮ ನನ್ನ ಕರೆಂಟ್ ಬಿಲ್ಲಿಗೇ ಬರುವುದು. ಅದಕ್ಕೂ ಮೊದಲು ಹಳೇ ಬಾಕಿ ತೀರಿಸಲಿ. ಮುಳುಗಡೆಯಾದ ಎಷ್ಟೋ ಕುಟುಂಬಗಳ ಕೈಗೆ ಇವತ್ತಿಗೂ ಹಕ್ಕುಪತ್ರ ಬಂದಿಲ್ಲ. ನಮ್ಮದೂ ಅದರಲ್ಲೊಂದು. ಅಜ್ಜ ಶುರು ಮಾಡಿದ ಫೈಲು, ಈಗ ಅಪ್ಪ ಹಿಡಿದುಕೊಂಡು ಸಾಗರಕ್ಕೆ ಹೋಗಿ ಬರುತ್ತಾರೆ. ಮೊನ್ನೆಯೂ ಹೋಗಿದ್ದರು. ಮುಂದಿನ ತಿಂಗಳು ಬನ್ನಿ ಅಂದಿದ್ದಾರೆ.