ಮಳೆ ಸರಿಯಿದ್ದರೂ ಜತ್ತದ ಜೋಳ ಒಣಗಿದ್ದು ಯಾಕೆ?
ಪುಣೆಯಲ್ಲಿದ್ದುಕೊಂಡು ಫೋನಲ್ಲೇ ಹೊಲ ನೋಡಿಕೊಳ್ಳುವವರು ನಮ್ಮಲ್ಲಿ ಜಾಸ್ತಿ, ನೀವೂ ಅದೇ ಗುಂಪು ಅಲ್ವಾ! ವರ್ಷದ ಮಳೆ ಲೆಕ್ಕ ಸರಿಯಿದ್ದರೂ ಸಾಂಗಲಿ ಜಿಲ್ಲೆಯ ಜತ್ತದಲ್ಲಿ ಹಿಂಗಾರಿ ಜೋಳ ಒಣಗಿದ್ದು ಯಾಕೆ ಅಂತ ಕೇಳಿದ್ದೀರಿ. ಒಟ್ಟು ಲೆಕ್ಕ ಬಿಡಿ, ಎಷ್ಟು ದಿನದಲ್ಲಿ ಬಿತ್ತು ನೋಡಿ. ಇಲ್ಲೇ ಪುಣೆಯ ಪಾಷಾಣ್‌ನಲ್ಲಿರುವ ಉಷ್ಣವಲಯ ಹವಾಮಾನ ಸಂಸ್ಥೆಯ (IITM) ರಾಕ್ಸಿ ಮ್ಯಾಥ್ಯೂ ಕೋಲ್ ತಂಡ 2017ರಲ್ಲಿ ತೋರಿಸಿದ ಪ್ರಕಾರ, 1950ರಿಂದ 2015ರೊಳಗೆ ಮಧ್ಯ ಭಾರತದಲ್ಲಿ ದೊಡ್ಡ ಪ್ರದೇಶಕ್ಕೆ ಹಬ್ಬುವ ಅತಿಮಳೆ ಮೂರು ಪಟ್ಟಾಯಿತು, ಒಟ್ಟು ಮುಂಗಾರು ಮಾತ್ರ ಇಳಿಯಿತು. ಜತ್ತ ಅದಕ್ಕಿಂತ ದಕ್ಷಿಣಕ್ಕಿದೆ, ಸಹ್ಯಾದ್ರಿಯ ಮಳೆ ನೆರಳಲ್ಲಿ. ಆದರೂ ಒಮ್ಮೆಲೇ ಸುರಿದರೆ ಅಲ್ಲೂ ನೀರು ಹಳ್ಳ ಸೇರುತ್ತದೆ. ಹಿಂಗಾರಿ ಜೋಳ ಬದುಕುವುದೇ ಎರೆಮಣ್ಣು ಹಿಡಿದಿಟ್ಟ ತೇವದ ಮೇಲೆ. ಮುಂದಿನ ಸಲ ಜೋರು ಮಳೆ ಆದ ಮೇಲೆ ಗುದ್ದಲಿಯಿಂದ ಮೊಣಕಾಲುದ್ದ ಅಗೆಸಿ ನೋಡಿ. ಕೆಳಗೆ ಒಣಗಿದ್ದರೆ ಮೊದಲು ಬದು ಸರಿಮಾಡಿಸಿ. ಸುಮ್ನೆ ಇನ್ನೊಂದು ಬೋರ್‌ವೆಲ್‌ಗೆ ದುಡ್ಡು ಹಾಕಬೇಡಿ.