ಟಿಕೆಟ್ ಕೊಳ್ಳುವಾಗಲೇ ಹೇಳಬೇಕಾದ ಮಾತು

ಮಾನ್ಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪೂರ್ತಿ ಅಚ್ಚು ಹಾಕಲು ಜಾಗ ಸಾಲದು. ಹಾಗಾಗಿ ಉಳಿದವರಿಗೆ ಗೊತ್ತಾಗಲಿ ಅಂತ ಅದರಲ್ಲಿರುವುದನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ.

ನೀವು ಚಿತ್ರ ಬರೆಯುವವರು. ಎಣ್ಣೆ ಬಣ್ಣದಲ್ಲಿ ಕೆಲಸ ಮಾಡುತ್ತೀರಿ. ಒಂದು ಚಿತ್ರಕಲಾ ಶಿಬಿರಕ್ಕೆ ಹೋಗಲು ಒಂದೂವರೆ ತಿಂಗಳು ಮೊದಲೇ ಆನ್‌ಲೈನಿನಲ್ಲಿ ವಿಮಾನದ ಟಿಕೆಟ್ ತೆಗೆದುಕೊಂಡಿರಿ. ಬಣ್ಣದ ಟ್ಯೂಬುಗಳು, ಬಣ್ಣ ತೆಳ್ಳಗೆ ಮಾಡುವ ಟರ್ಪೆಂಟೈನ್ ಒಂದು ಬಾಟಲಿ, ವಾರ್ನಿಷ್ ಸ್ಪ್ರೇ ಡಬ್ಬಿ, ಕುಂಚಗಳು, ಅವನ್ನು ಒರೆಸುವ ಬಟ್ಟೆ, ಜೊತೆಗೊಂದು ಪವರ್ ಬ್ಯಾಂಕ್. ಎಲ್ಲವನ್ನೂ ಚೆಕ್-ಇನ್ ಬ್ಯಾಗಿನಲ್ಲಿ ಜೋಪಾನವಾಗಿ ಜೋಡಿಸಿಟ್ಟಿರಿ. ವಿಮಾನ ಹೊರಡಲು ಸ್ವಲ್ಪ ಹೊತ್ತಿದೆ ಅನ್ನುವಾಗ ನಿಮ್ಮ ಹೆಸರು ಕೂಗಿ ಕರೆದರು. ಬ್ಯಾಗ್ ಬಿಚ್ಚಿಸಿದರು. ಟರ್ಪೆಂಟೈನ್, ಸ್ಪ್ರೇ ಹೋಯಿತು. ಅನುಮಾನಕ್ಕೆ ಬಣ್ಣದ ಟ್ಯೂಬುಗಳೂ ಹೋದವು. ಶಿಬಿರಕ್ಕೆ ಬರಿಗೈಯಲ್ಲಿ ಹೋದಿರಿ. "ದುಡ್ಡು ತಗೊಳ್ಳುವಾಗ ಇದನ್ನು ಹೇಳುವುದಕ್ಕೆ ಏನಾಗಿತ್ತು? ಒಂದು ಬಾಟಲಿಯಿಂದ ವಿಮಾನ ಬಿದ್ದುಹೋಗುತ್ತಿತ್ತಾ?" ಎಂದು ಕೇಳಿದ್ದೀರಿ.

ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದಕ್ಕೆ ಉತ್ತರ ಗೊತ್ತಾದರೆ ಮೊದಲನೆಯ ಪ್ರಶ್ನೆಯ ತೂಕ ಇನ್ನೂ ಜಾಸ್ತಿಯಾಗುತ್ತದೆ.

ಟರ್ಪೆಂಟೈನ್ ಸುಮಾರು 35 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾದರೆ ಸಾಕು, ಅದರಿಂದ ಏಳುವ ಆವಿಗೆ ಒಂದು ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಈ ಉಷ್ಣತೆಗೆ ಫ್ಲಾಶ್ ಪಾಯಿಂಟ್ ಎನ್ನುತ್ತಾರೆ. ವಿಮಾನದ ನಿಯಮದಲ್ಲಿ ಫ್ಲಾಶ್ ಪಾಯಿಂಟ್ 60 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರುವ ದ್ರವಗಳೆಲ್ಲ ಬೆಂಕಿ ಹತ್ತುವ ದ್ರವಗಳ ಸಾಲಿಗೆ ಸೇರುತ್ತವೆ. ವಿಮಾನ ಮೇಲೇರಿದಾಗ ಒಳಗಿನ ಗಾಳಿಯ ಒತ್ತಡ ನೆಲದ ಮೇಲಿದ್ದಷ್ಟು ಇರುವುದಿಲ್ಲ. ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲೆ ಎಷ್ಟಿರುತ್ತದೋ ಅಷ್ಟಿರುತ್ತದೆ. ಆಗ ಬಾಟಲಿಯ ಒಳಗಿನ ಗಾಳಿ ಹಿಗ್ಗುತ್ತದೆ. ಮನೆಯಲ್ಲಿ ಒಂದು ಹನಿಯೂ ಸೋರದ ಮುಚ್ಚಳ ಅಲ್ಲಿ ಸೋರಬಹುದು. ಸೋರಿದ್ದು ಪಕ್ಕದ ಬ್ಯಾಗಿಗೆ ಇಳಿಯುತ್ತದೆ. ಆ ಪಕ್ಕದ ಬ್ಯಾಗಿನಲ್ಲಿ ಏನಿದೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. "ನನ್ನದು ಒಂದೇ ಬಾಟಲಿ" ಅಂತ ನಾವು ಲೆಕ್ಕ ಹಾಕುತ್ತೇವೆ. ಅದೇ ವಿಮಾನದಲ್ಲಿ ಇನ್ನೂ ಇನ್ನೂರು ಜನ ಇದೇ ಲೆಕ್ಕ ಹಾಕಿರಬಹುದು, ಅಲ್ವಾ?

1996ರ ಮೇ 11ರಂದು ಅಮೆರಿಕದ ವ್ಯಾಲ್ಯುಜೆಟ್ 592 ವಿಮಾನ ಮಯಾಮಿಯಿಂದ ಹೊರಟು ಹತ್ತೇ ನಿಮಿಷದಲ್ಲಿ ಜೌಗುನೆಲಕ್ಕೆ ಬಿತ್ತು. ಅದರಲ್ಲಿದ್ದ 110 ಜನರೂ ಸತ್ತರು. ಕೆಳಗಿನ ಸಾಮಾನು ಕೋಣೆಯಲ್ಲಿ ಪೆಟ್ಟಿಗೆಗಳಲ್ಲಿ ಹಳೆಯ ಆಕ್ಸಿಜನ್ ಜನರೇಟರುಗಳಿದ್ದವು. ರಾಸಾಯನಿಕ ಕ್ರಿಯೆಯಿಂದ ಆಕ್ಸಿಜನ್ ಬಿಡುವ, ಬಿಡುವಾಗ ಕೆಂಡದಂತೆ ಕಾಯುವ ಡಬ್ಬಿಗಳು ಅವು. ಕಾಗದದಲ್ಲಿ ಮಾತ್ರ ಖಾಲಿ ಡಬ್ಬಿಗಳು ಎಂದು ಬರೆದಿತ್ತು. ಆ ಕೋಣೆಗೆ ಹೊರಗಿನ ಗಾಳಿ ಹೋಗುವುದಿಲ್ಲ, ಬೆಂಕಿ ಬಿದ್ದರೂ ಉಸಿರುಕಟ್ಟಿ ತಾನಾಗಿ ಆರುತ್ತದೆ ಎಂಬ ನಂಬಿಕೆಯ ಮೇಲೆ ಅದನ್ನು ಕಟ್ಟಿದ್ದರು. ಆದರೆ ಇಲ್ಲಿ ಬೆಂಕಿಗೆ ಬೇಕಾದ ಆಕ್ಸಿಜನ್ನನ್ನು ಆ ಡಬ್ಬಿಗಳೇ ಒದಗಿಸಿದವು. ಅದು ಪ್ರಯಾಣಿಕರ ಲಗೇಜ್ ಆಗಿರಲಿಲ್ಲ, ನಿಜ. ಆದರೂ ಇದನ್ನು ಹೇಳಲು ಕಾರಣ ಇದೆ. ಆ ಪೆಟ್ಟಿಗೆಗಳನ್ನು ಒಳಗಿಟ್ಟವರಿಗೆ ಯಾರನ್ನೂ ಕೊಲ್ಲುವ ಮನಸ್ಸಿರಲಿಲ್ಲ. ಏನನ್ನು ಕೈಯಲ್ಲಿ ಹಿಡಿದಿದ್ದೇವೆ ಎಂಬುದೇ ಸರಿಯಾಗಿ ತಿಳಿದಿರಲಿಲ್ಲ.

ಹಾಗಾಗಿ ನಿಮ್ಮ ಬಾಟಲಿಯನ್ನು ತೆಗೆದಿಟ್ಟ ಆ ಸಿಬ್ಬಂದಿ ಮಾಡಿದ್ದು ಸರಿ. ಇದು ನಿಮಗೆ ಹಿಡಿಸಲಿಕ್ಕಿಲ್ಲ, ಆದರೂ ಹೇಳಲೇಬೇಕು. ತಪ್ಪು ನಡೆದದ್ದು ಅದಕ್ಕಿಂತ ಒಂದೂವರೆ ತಿಂಗಳು ಮೊದಲು. ಅಲ್ಲಿ ನಾನು ಪೂರ್ತಿ ನಿಮ್ಮ ಕಡೆ.

ಟಿಕೆಟ್ ಕೊಡುವಾಗ ಹೇಳಬೇಕು ಎನ್ನುವುದು ಒಳ್ಳೆಯ ಅಭ್ಯಾಸದ ಮಾತಷ್ಟೇ ಅಲ್ಲ, ಅದು ನಿಯಮದಲ್ಲೇ ಇದೆ. ವಿಶ್ವಸಂಸ್ಥೆಗೆ ಸೇರಿದ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಸಿಎಒ, ಅಪಾಯಕಾರಿ ವಸ್ತುಗಳ ಸಾಗಣೆಗೆ ಒಂದು ದಪ್ಪ ನಿಯಮ ಪುಸ್ತಕ ಇಟ್ಟುಕೊಂಡಿದೆ. ಎರಡು ವರ್ಷಕ್ಕೊಮ್ಮೆ ಅದರ ಹೊಸ ಆವೃತ್ತಿ ಬರುತ್ತದೆ. ಯಾವ ವಸ್ತುಗಳನ್ನು ಒಯ್ಯುವಂತಿಲ್ಲ ಎಂಬ ಮಾಹಿತಿಯನ್ನು ಟಿಕೆಟ್ ಕೊಳ್ಳುವ ಜಾಗದಲ್ಲೇ ಪ್ರಯಾಣಿಕರಿಗೆ ಕೊಡಬೇಕು, ಅದನ್ನು ವಿಮಾನ ಕಂಪನಿ ಖಚಿತಪಡಿಸಿಕೊಳ್ಳಬೇಕು ಎಂದು ಅದರಲ್ಲಿದೆ. ಇಂಟರ್ನೆಟ್ಟಿನಲ್ಲಿ ಟಿಕೆಟ್ ಮಾರುವುದಾದರೆ, ಕೊಳ್ಳುವವರ ಕಣ್ಣಿಗೆ ಈ ಮಾಹಿತಿ ಬೀಳದೆ ಖರೀದಿ ಮುಗಿಯಬಾರದು ಎಂಬ ಮಾತೂ ಆ ಪುಸ್ತಕದ ಹಿಂದಿನ ಆವೃತ್ತಿಗಳಲ್ಲಿತ್ತು. ಬರಹದಲ್ಲಿ ಕೊಡಬಹುದು, ಚಿತ್ರದಲ್ಲೂ ಕೊಡಬಹುದು. ಚೆಕ್-ಇನ್ ಮಾಡುವಾಗ ಇನ್ನೊಮ್ಮೆ ತಿಳಿಸಬೇಕು. ವಿಮಾನ ನಿಲ್ದಾಣದಲ್ಲಿ ಫಲಕಗಳಿರಬೇಕು.

ಹಾಗಾದರೆ ನಿಮಗೆ ಯಾರೂ ಹೇಳಲಿಲ್ಲವೇ? ಹೇಳಿದ್ದಾರೆ. ನಿಮ್ಮ ಪತ್ರದಲ್ಲೇ ಅದರ ಸುಳಿವಿದೆ. "ಎಲ್ಲಾ ಷರತ್ತುಗಳಿಗೂ ಒಪ್ಪಿಗೆ ಎಂಬ ಚೌಕಕ್ಕೆ ಗುರುತು ಹಾಕಿದ್ದು ನೆನಪಿದೆ" ಎಂದು ಬರೆದಿದ್ದೀರಿ. ಅದರ ಕೆಳಗೊಂದು ಕೊಂಡಿ ಇದ್ದಿರಬೇಕು. ಅದನ್ನು ಒತ್ತಿದ್ದರೆ ಈ ಪಟ್ಟಿ ಸಿಗುತ್ತಿತ್ತು. ಟಿಕೆಟ್ ಕೈತಪ್ಪಿ ಹೋದೀತು ಅನ್ನುವ ಆತುರದಲ್ಲಿ ಯಾರು ಅದನ್ನು ಒತ್ತುತ್ತಾರೆ? ಕಂಪನಿಯ ದಾಖಲೆಯಲ್ಲಿ "ತಿಳಿಸಲಾಗಿದೆ" ಎಂದಾಯಿತು. ನಿಮ್ಮ ತಲೆಗೆ ಮಾತ್ರ ಏನೂ ಬರಲಿಲ್ಲ. ತೋರಿಸುವುದು ಬೇರೆ, ತಿಳಿಸುವುದು ಬೇರೆ. ಆ ಒಂದು ಚೌಕದಿಂದ ಎರಡೂ ಒಂದೇ ಆಗಿಹೋಗಿವೆ. ನನಗೆ ಸಿಟ್ಟು ಬರುವುದು ಇಲ್ಲೇ.

ಇನ್ನು ಆ ಪಟ್ಟಿಯ ಭಾಷೆ. ಅಪಾಯಕಾರಿ ವಸ್ತುಗಳನ್ನು ಒಂಬತ್ತು ವರ್ಗ ಮಾಡಿದ್ದಾರೆ. ಸ್ಫೋಟಕಗಳು, ಒತ್ತಡದಲ್ಲಿರುವ ಅನಿಲಗಳು, ದಹಿಸುವ ದ್ರವಗಳು, ಆಕ್ಸಿಡೈಜರುಗಳು, ಆಮ್ಲದಂತೆ ತಾಗಿದ್ದನ್ನು ತಿಂದುಹಾಕುವ ವಸ್ತುಗಳು, ಹೀಗೆ ಹೋಗುತ್ತದೆ. ಇದು ಗೋದಾಮಿನಲ್ಲಿ ಕೆಲಸ ಮಾಡುವವರಿಗೆ ಬೇಕಾದ ವಿಂಗಡಣೆ. ನಮ್ಮ ಮನೆಯಲ್ಲಿ ಯಾರಾದರೂ "ಆ ಆಕ್ಸಿಡೈಜರ್ ಕೊಡು" ಅಂತಾರಾ? ನಮಗೆ ಗೊತ್ತಿರುವುದು ಬ್ಲೀಚ್. ನಿಮಗೆ ಟರ್ಪೆಂಟೈನ್ ಅಂದರೆ ಬಣ್ಣ ತೆಳ್ಳಗೆ ಮಾಡುವ ಸಾಮಾನು, ದಹಿಸುವ ದ್ರವ ಅಲ್ಲ. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಬಹಳ ವರ್ಷ ಹಾಕುತ್ತಿದ್ದ ಫಲಕದಲ್ಲಿ ವರ್ಗಗಳ ಹೆಸರಿನ ಜೊತೆಗೆ ಉದಾಹರಣೆಗಳೂ ಇದ್ದವು. ಬಣ್ಣ, ಲೈಟರಿಗೆ ತುಂಬುವ ಇಂಧನ, ಪಟಾಕಿ, ಅಶ್ರುವಾಯು, ಆಕ್ಸಿಜನ್ ಬಾಟಲಿ. ಅದನ್ನು ಓದಿದ ಯಾವ ಚಿತ್ರಕಾರರೂ "ಬಣ್ಣ" ಎಂಬ ಮಾತಿಗೆ ಒಂದು ಕ್ಷಣ ನಿಲ್ಲುತ್ತಿದ್ದರು. ಆದರೆ ಫಲಕ ಇದ್ದದ್ದು ಬ್ಯಾಗ್ ತುಂಬಿ, ಬೀಗ ಹಾಕಿ, ಮನೆ ಬಿಟ್ಟು ಬಂದ ಮೇಲೆ ಸಿಗುವ ಜಾಗದಲ್ಲಿ.

ಅದಕ್ಕೇ ಟಿಕೆಟ್ ಕೊಳ್ಳುವ ಹೊತ್ತು ಮುಖ್ಯ ಅನ್ನುವುದು. ಆಗ ಪ್ರಯಾಣಿಕರ ಕೈಯಲ್ಲಿ ದಾರಿಗಳಿರುತ್ತವೆ. ನೀವು ಶಿಬಿರದವರಿಗೆ ಫೋನ್ ಮಾಡಿ ಟರ್ಪೆಂಟೈನ್ ಅಲ್ಲೇ ಸಿಗುತ್ತದಾ ಅಂತ ಕೇಳಬಹುದಿತ್ತು. ಬಣ್ಣಗಳನ್ನು ರಸ್ತೆಯಲ್ಲೋ ರೈಲಿನಲ್ಲೋ ಕಳಿಸಲಾಗುತ್ತದಾ ಅಂತ ವಿಚಾರಿಸಬಹುದಿತ್ತು. ಕೌಂಟರಿನ ಮುಂದೆ ನಿಂತವರಿಗೆ ಎರಡೇ ದಾರಿ. ಸಾಮಾನು ಬಿಡಬೇಕು, ಇಲ್ಲವೇ ಪ್ರಯಾಣ ಬಿಡಬೇಕು. ಆಕ್ಸಿಜನ್ ಸಿಲಿಂಡರ್ ಬೇಕಾಗುವ ರೋಗಿಗಳು, ಬ್ಯಾಟರಿಯ ಗಾಲಿಕುರ್ಚಿಯಲ್ಲಿ ಓಡಾಡುವವರು, ಇವರಿಗಂತೂ ಮೊದಲೇ ವಿಮಾನ ಕಂಪನಿಯ ಅನುಮತಿ ಬೇಕು. ಅದು ಕೌಂಟರಿನಲ್ಲಿ ಐದು ನಿಮಿಷದಲ್ಲಿ ಆಗುವ ಕೆಲಸ ಅಲ್ಲ. ಅವರು ಕಳೆದುಕೊಳ್ಳುವುದು ಬಾಟಲಿಯನ್ನಲ್ಲ, ಇಡೀ ಪ್ರಯಾಣವನ್ನು.

ಇನ್ನೊಂದು ತೊಡಕಿದೆ. ಟಿಕೆಟ್ ಕೊಳ್ಳುವವರೂ ಹೋಗುವವರೂ ಎಷ್ಟೋ ಸಲ ಬೇರೆ ಬೇರೆ. ಮಗಳು ಅಮ್ಮನಿಗೆ ಕೊಡಿಸುತ್ತಾಳೆ. ಕಚೇರಿಯವರು ನೌಕರರಿಗೆ ತೆಗೆಯುತ್ತಾರೆ. ಏಜೆಂಟ್ ಒಬ್ಬರು ನಲವತ್ತು ಜನರ ಗುಂಪಿಗೆ ಒಟ್ಟಿಗೆ ಮಾಡುತ್ತಾರೆ. ಪ್ರಯಾಣಿಕರ ಪರವಾಗಿ ಕೊಳ್ಳುವವರಿಗೆ ತೋರಿಸಿದರೂ ನಿಯಮಕ್ಕೆ ಸಾಕು. ಪರವಾಗಿ ಕೊಂಡವರು ಆ ಮಾತನ್ನು ಮುಂದೆ ದಾಟಿಸಿದರೇ ಎಂದು ಯಾರೂ ಕೇಳುವುದಿಲ್ಲ. ನಲವತ್ತು ಜನರ ಪರವಾಗಿ ಒಂದು ಬೆರಳು ಒಂದು ಚೌಕವನ್ನು ಒತ್ತುತ್ತದೆ, ಮುಗಿಯಿತು. ಬ್ಯಾಗ್ ತುಂಬುವ ಅಮ್ಮನಿಗೆ ಅಂಥದ್ದೊಂದು ಚೌಕ ಇತ್ತು ಅನ್ನುವುದೇ ಗೊತ್ತಿರುವುದಿಲ್ಲ.

ಏನು ಮಾಡಬಹುದು? ನನಗೆ ತೋಚಿದ್ದು ಹೇಳುತ್ತೇನೆ. ಪಟ್ಟಿ ಕೊಡುವ ಬದಲು ಪ್ರಶ್ನೆ ಕೇಳಲಿ. ಊಟ ಬೇಕೇ, ಕಿಟಕಿ ಪಕ್ಕದ ಸೀಟು ಬೇಕೇ ಎಂದು ಒಂದೊಂದಾಗಿ ಕೇಳುವುದಕ್ಕೆ ಅವರಿಗೆ ಬರುತ್ತದೆ. ಹಾಗೆಯೇ "ಪವರ್ ಬ್ಯಾಂಕ್ ಒಯ್ಯುತ್ತೀರಾ? ಬಣ್ಣ, ಥಿನ್ನರ್, ಅಂಟು? ಸ್ಪ್ರೇ ಡಬ್ಬಿ? ಅಡುಗೆ ಮಾಡುವ ಕ್ಯಾಂಪ್ ಸ್ಟವ್?" ಎಂದು ಚಿತ್ರ ತೋರಿಸಿ ಕೇಳಲಿ. ಹೌದು ಅಂದವರಿಗೆ ಆ ಒಂದು ವಸ್ತುವಿನ ನಿಯಮವನ್ನಷ್ಟೇ, ಅವರ ಭಾಷೆಯಲ್ಲಿ, ನಾಲ್ಕು ಸಾಲಿನಲ್ಲಿ ಹೇಳಲಿ. ಹೊರಡುವ ಎರಡು ದಿನ ಮೊದಲು, ಬ್ಯಾಗ್ ತುಂಬುವ ಹೊತ್ತಿಗೆ, ಅದೇ ಮಾತನ್ನು ಪ್ರಯಾಣಿಕರ ಫೋನಿಗೇ ಕಳಿಸಲಿ. ಕೊಂಡವರ ಫೋನಿಗಲ್ಲ, ಹೋಗುವವರ ಫೋನಿಗೆ. ಇದಕ್ಕೆ ಹೊಸ ಯಂತ್ರ ಬೇಕಿಲ್ಲ. ಸೀಟು ಮಾರಲು ಕಳಿಸುವ ಸಂದೇಶಗಳು ಈಗಾಗಲೇ ಅದೇ ದಾರಿಯಲ್ಲಿ ಬರುತ್ತಿವೆ.

ಎರಡನೆಯ ಸಲ ಕಳಿಸಬೇಕು ಅನ್ನುವುದಕ್ಕೆ ಬೇರೆ ಕಾರಣವೂ ಇದೆ. ನಿಯಮ ನಿಂತ ನೀರಲ್ಲ. 2016ರ ಅಕ್ಟೋಬರಿನಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಫೋನುಗಳಿಗೆ ಬೆಂಕಿ ಹತ್ತುತ್ತಿದೆ ಎಂದು ಅಮೆರಿಕ ಅವನ್ನು ವಿಮಾನದಲ್ಲಿ ಪೂರ್ತಿ ನಿಷೇಧಿಸಿತು. ಅದಕ್ಕೆ ಒಂದು ತಿಂಗಳು ಮೊದಲು ಟಿಕೆಟ್ ಕೊಂಡವರಿಗೆ ಆಗ ಹೇಳಿದ್ದು ಸಾಲದಾಯಿತು. 2025ರ ಜನವರಿ 28ರಂದು ದಕ್ಷಿಣ ಕೊರಿಯಾದಲ್ಲಿ ಏರ್ ಬುಸಾನ್ ವಿಮಾನವೊಂದು ನೆಲದ ಮೇಲಿರುವಾಗಲೇ ಬೆಂಕಿಗೆ ಸಿಕ್ಕಿತು. ಎಲ್ಲರೂ ಪಾರಾದರು. ಸೀಟಿನ ಮೇಲಿನ ಲಗೇಜ್ ಗೂಡಿನಲ್ಲಿದ್ದ ಪವರ್ ಬ್ಯಾಂಕಿನಿಂದ ಬೆಂಕಿ ಎದ್ದಿರಬಹುದು ಎಂದು ತನಿಖೆಯವರು ಹೇಳಿದರು. ಅದಾದ ಮೇಲೆ ಆ ದೇಶದಲ್ಲಿ ಪವರ್ ಬ್ಯಾಂಕನ್ನು ಆ ಗೂಡಿನಲ್ಲಿ ಇಡುವಂತಿಲ್ಲ, ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಬೇಕು ಎಂದಾಯಿತು.

ಇನ್ನು ನಿಮ್ಮ ಮುಂದಿನ ಪ್ರಯಾಣದ ಮಾತು. ಹೊರಡುವ ಮೊದಲು ನಿಮ್ಮ ವಿಮಾನ ಕಂಪನಿಯನ್ನೂ ಒಮ್ಮೆ ಕೇಳಿ. ಕೆಲವರು ಇನ್ನೂ ಬಿಗಿಯಾದ ನಿಯಮ ಇಟ್ಟುಕೊಂಡಿರುತ್ತಾರೆ.

ಟರ್ಪೆಂಟೈನ್ ಮತ್ತು ಥಿನ್ನರ್ ಎಲ್ಲಿಯೂ ಇಡುವಂತಿಲ್ಲ, ಹ್ಯಾಂಡ್ ಬ್ಯಾಗಿನಲ್ಲೂ ಇಲ್ಲ, ಚೆಕ್-ಇನ್ ಬ್ಯಾಗಿನಲ್ಲೂ ಇಲ್ಲ. ಬೆಂಕಿ ಹತ್ತುವ ವಾರ್ನಿಷ್ ಸ್ಪ್ರೇಯೂ ಹಾಗೆಯೇ. "ಹೇರ್ ಸ್ಪ್ರೇ ಬಿಟ್ಟರು, ವಾರ್ನಿಷ್ ಸ್ಪ್ರೇ ತೆಗೆದರು, ಇದ್ಯಾವ ನ್ಯಾಯ?" ಎಂದು ಕೇಳಿದ್ದೀರಿ. ಹೇರ್ ಸ್ಪ್ರೇಗೂ ಬೆಂಕಿ ಹತ್ತುತ್ತದೆ. ಆದರೆ ಮೈಗೆ ಹಚ್ಚುವ ವಸ್ತು ಮತ್ತು ಔಷಧಿಗಳಿಗೆ ಒಂದು ವಿನಾಯಿತಿ ಕೊಟ್ಟಿದ್ದಾರೆ. ಒಂದೊಂದು ಡಬ್ಬಿ ಅರ್ಧ ಲೀಟರ್ ಮೀರಬಾರದು, ಒಟ್ಟು ಎರಡು ಲೀಟರ್ ಮೀರಬಾರದು. ವಾರ್ನಿಷ್ ಆ ವಿನಾಯಿತಿಗೆ ಸೇರುವುದಿಲ್ಲ. ಈ ಒಂದು ಕಾರಣವನ್ನು ಯಾರಾದರೂ ಹೇಳಿದ್ದರೆ ನಿಮಗೆ ಅವಮಾನ ಅನ್ನಿಸುತ್ತಿರಲಿಲ್ಲ.

ಬಣ್ಣದ ಟ್ಯೂಬುಗಳ ವಿಷಯದಲ್ಲಿ ನಿಮಗೆ ನಷ್ಟ ಆಗಬೇಕಾಗಿರಲಿಲ್ಲ ಅನ್ನಿಸುತ್ತದೆ. ಚಿತ್ರಕಾರರ ಎಣ್ಣೆ ಬಣ್ಣಗಳನ್ನು ಸಾಮಾನ್ಯವಾಗಿ ಅಗಸೆ ಎಣ್ಣೆಯಲ್ಲಿ ಅರೆದಿರುತ್ತಾರೆ. ಅಗಸೆ ಎಣ್ಣೆಯ ಫ್ಲಾಶ್ ಪಾಯಿಂಟ್ 200 ಡಿಗ್ರಿಗಿಂತ ಮೇಲಿದೆ. ಆದರೆ ಟ್ಯೂಬಿನ ಮೇಲೆ "ಬಣ್ಣ" ಎಂದಷ್ಟೇ ಕಂಡರೆ ಸಿಬ್ಬಂದಿಗೆ ಹೇಗೆ ಗೊತ್ತಾಗಬೇಕು? ತಯಾರಕರು ಪ್ರತಿ ಬಣ್ಣಕ್ಕೂ ಸುರಕ್ಷತಾ ಮಾಹಿತಿ ಹಾಳೆ ಕೊಡುತ್ತಾರೆ. ಅದರಲ್ಲಿ ಫ್ಲಾಶ್ ಪಾಯಿಂಟ್ ಬರೆದಿರುತ್ತದೆ. ಅದನ್ನು ಮುದ್ರಿಸಿ ಬಣ್ಣಗಳ ಜೊತೆಗೇ ಇಡಿ. ನೀರಿನ ಅಕ್ರಿಲಿಕ್ ಬಣ್ಣಕ್ಕೆ ಈ ತೊಂದರೆಯೇ ಇಲ್ಲ.

ಪವರ್ ಬ್ಯಾಂಕ್ ಚೆಕ್-ಇನ್ ಬ್ಯಾಗಿಗೆ ಹಾಕಲೇಬಾರದು. ಲಿಥಿಯಂ ಬ್ಯಾಟರಿ ಒಳಗೆ ಕೆಟ್ಟರೆ ತಾನಾಗಿ ಕಾಯುತ್ತಾ ಹೋಗುತ್ತದೆ. ಕೆಳಗಿನ ಕೋಣೆಯ ಬೆಂಕಿ ಆರಿಸುವ ಅನಿಲ ಜ್ವಾಲೆಯನ್ನು ಅದುಮಬಹುದು, ಒಳಗಿನ ಆ ಕಾವನ್ನು ನಿಲ್ಲಿಸಲಾರದು. ಮೇಲೆ ಜನರ ನಡುವೆ ಇದ್ದರೆ ಹೊಗೆ ಕಂಡ ತಕ್ಷಣ ಸಿಬ್ಬಂದಿ ನೀರು ಹಾಕಿ ತಣಿಸಬಹುದು. ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಹಿಡಿಯುತ್ತದೆ ಎಂಬುದನ್ನು ವ್ಯಾಟ್ ಅವರ್ ಲೆಕ್ಕದಲ್ಲಿ ಹೇಳುತ್ತಾರೆ. 100 ವ್ಯಾಟ್ ಅವರ್ ತನಕ ಅನುಮತಿ ಬೇಕಿಲ್ಲ, 160ರ ತನಕ ಕಂಪನಿಯ ಒಪ್ಪಿಗೆ ಬೇಕು, ಅದಕ್ಕಿಂತ ದೊಡ್ಡದು ಒಯ್ಯುವಂತಿಲ್ಲ. ನಿಮ್ಮದು 20,000 ಎಂಎಎಚ್ ಎಂದು ಬರೆದಿದ್ದೀರಿ. ಅಂದರೆ 20 ಆಂಪಿಯರ್ ಅವರ್. ಅದನ್ನು ಬ್ಯಾಟರಿಯ 3.7 ವೋಲ್ಟಿನಿಂದ ಗುಣಿಸಿದರೆ 74 ವ್ಯಾಟ್ ಅವರ್. ಹ್ಯಾಂಡ್ ಬ್ಯಾಗಿನಲ್ಲಿ ಇಟ್ಟುಕೊಳ್ಳಿ.

ಕುಂಚ ಒರೆಸುವ ಬಟ್ಟೆಯನ್ನು ಯಾರೂ ಗಮನಿಸಲಿಲ್ಲ ಎಂದು ಬರೆದಿದ್ದೀರಿ. ನನಗೆ ಹೆಚ್ಚು ಭಯ ಆದದ್ದು ಅದನ್ನು ಓದಿ. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಇಟ್ಟರೆ ಎಣ್ಣೆ ಗಾಳಿಯೊಂದಿಗೆ ಸೇರುತ್ತಾ ಒಳಗೊಳಗೇ ಬಿಸಿಯಾಗುತ್ತದೆ. ಕಿಡಿಯೇ ಇಲ್ಲದೆ ಹೊತ್ತಿಕೊಳ್ಳಬಹುದು. ಅದನ್ನು ಯಾವ ಕಾರಣಕ್ಕೂ ಬ್ಯಾಗಿಗೆ ಹಾಕಬೇಡಿ. ಮನೆಯಲ್ಲೂ ಮೂಲೆಗೆ ಗುಡ್ಡೆ ಹಾಕಬೇಡಿ, ಹರಡಿ ಒಣಗಿಸಿ.

ನಮ್ಮ ಪತ್ರಿಕೆಯ ಪ್ರವಾಸದ ಪುಟಗಳಲ್ಲಿ ಎಲ್ಲಿ ಉಳಿಯಬೇಕು, ಏನು ನೋಡಬೇಕು ಎಂದು ಬರೆಯುತ್ತಾ ಬಂದಿದ್ದೇವೆ. ಬ್ಯಾಗಿನಲ್ಲಿ ಏನು ಇಡಬಾರದು ಎಂದು ಬರೆದಿರಲಿಲ್ಲ. ಮುಂದಿನ ಸಂಚಿಕೆಯಿಂದ ಅದಕ್ಕೂ ಜಾಗ ಇರುತ್ತದೆ. ಶಿಬಿರದಿಂದ ತಂದ ಚಿತ್ರಗಳ ಫೋಟೊ ಕಳಿಸುತ್ತೇನೆ ಎಂದಿದ್ದೀರಿ, ಕಾಯುತ್ತಿರುತ್ತೇನೆ.

ಮರೆತಿದ್ದೆ. ಕುಂಚಗಳನ್ನು ಧಾರಾಳವಾಗಿ ಒಯ್ಯಬಹುದು. ಸೋಪಿನಲ್ಲಿ ತೊಳೆದು, ಥಿನ್ನರಿನ ವಾಸನೆ ಪೂರ್ತಿ ಹೋಗುವ ತನಕ ಒಣಗಿಸಿ ಇಟ್ಟುಕೊಳ್ಳಿ.

ಇಂತಿ,
ಸಂಪಾದಕ